ಐರಿಷ್ ಗ್ರಾಮೀಣ ವಂಶಶೋಧನೆ

ಐರ್ಲೆಂಡಿನ ಹಳ್ಳಿಗಾಡಿನ ಕುಟುಂಬಗಳ ಪೂರ್ವಿಕರನ್ನು ಹಳೆಯ ದಾಖಲೆಗಳಿಂದ ಗುರುತಿಸುವ ಕೆಲಸ. 1922ರಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿ ಅಂತರ್ಯುದ್ಧದ ಬೆಂಕಿಗೆ ಸಿಕ್ಕಿ, 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಬೂದಿಯಾಯಿತು. ಮುಂದಿನ ನಾಲ್ಕು ಗಣತಿಗಳ ಹಾಳೆಗಳನ್ನು ಸರ್ಕಾರವೇ ಮೊದಲೇ ನಾಶಮಾಡಿತ್ತು. ಪೂರ್ಣವಾಗಿ ಉಳಿದ ಅತಿ ಹಳೆಯ ಗಣತಿ 1901ರದು. ವೃದ್ಧಾಪ್ಯ ಪಿಂಚಣಿಗೆ ವಯಸ್ಸು ರುಜುವಾತುಪಡಿಸಲು 1841, 1851ರ ಗಣತಿಯಿಂದ ನಕಲು ತೆಗೆಸಿದ್ದ ಚೀಟಿಗಳು ಮಾತ್ರ, ಅದೃಷ್ಟವಶಾತ್, ಹಲವು ಉಳಿದಿವೆ.

ಆದ್ದರಿಂದ ತೆರಿಗೆ ಪುಸ್ತಕಗಳೇ ಮುಖ್ಯ ಆಸರೆ. ರಿಚರ್ಡ್ ಗ್ರಿಫಿತ್ ನೇತೃತ್ವದ ಭೂಮೌಲ್ಯಮಾಪನ (1847–64) ಪ್ರತಿ ಟೌನ್‌ಲ್ಯಾಂಡಿನ (ಐರ್ಲೆಂಡಿನ ಅತಿ ಚಿಕ್ಕ ಭೂವಿಭಾಗ) ಗೇಣಿದಾರರನ್ನೂ ಒಡೆಯರನ್ನೂ ಹೆಸರಿಸುತ್ತದೆ. ಗೇಣಿದಾರನ ಹೆಂಡತಿ ಮಕ್ಕಳು ಅಲ್ಲಿಲ್ಲ. ಇದು ನೋವಿನ ಕೊರತೆ. ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳು ಅದನ್ನು ಒಂದಿಷ್ಟು ತುಂಬುತ್ತವೆ: ತಾಯಿಯ ತವರುಮನೆತನದ ಹೆಸರು ಅನೇಕ ಕಡೆ ಸಿಗುತ್ತದೆ, ಜ್ಞಾನತಂದೆ, ಜ್ಞಾನತಾಯಿಯರು ಹೆಚ್ಚಾಗಿ ನೆಂಟರೇ ಆಗಿರುತ್ತಾರೆ.