ಕೊಳ್ಳಿಚಕ್ರದಿಂದ ದ್ರವಸ್ಫಟಿಕದವರೆಗೆ

ವಿಜಯದಶಮಿಯ ಇರುಳು ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ ನಡೆಯುವಾಗ ಬೆಟ್ಟದ ತುಂಬ ಪಂಜುಗಳು ಉರಿಯುತ್ತವೆ. ಕತ್ತಲಲ್ಲಿ ಉರಿವ ಕೊಳ್ಳಿಯನ್ನು ವೇಗವಾಗಿ ತಿರುಗಿಸಿದರೆ ಬೆಂಕಿಯ ಒಂದು ಚುಕ್ಕೆ ಬಳೆಯಾಗಿ ಕಾಣುವುದನ್ನು ನಮ್ಮ ಮಕ್ಕಳೂ ಬಲ್ಲರು. ಪ್ರಾಚೀನರು ಇದನ್ನು ಅಲಾತಚಕ್ರವೆಂದು ಕರೆದರು. ಗೌಡಪಾದರ ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ‘ಅಲಾತಶಾಂತಿ’ ಎಂದೇ ಹೆಸರು. ಅವರು ಈ ಭ್ರಮೆಯನ್ನು ತತ್ತ್ವವಿಚಾರಕ್ಕೆ ದೃಷ್ಟಾಂತ ಮಾಡಿಕೊಂಡರೆ, ಆಧುನಿಕ ಕಾಲ ಅದರಿಂದ ಯಂತ್ರಗಳನ್ನು ಕಟ್ಟಿತು. ಸೆಕೆಂಡಿಗೆ 24 ಚಿತ್ರಗಳನ್ನು ತೋರಿಸುವ ಸಿನಿಮಾ ಅಂಥದೊಂದು. ತಲೆಗೆ ತೊಟ್ಟು ಇಲ್ಲದ ಲೋಕವನ್ನು ಕಾಣುವ ಇಂದಿನ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಅದೇ ವಂಶದ ಕುಡಿ. ಅದರ ಚರಿತ್ರೆಯ ಒಂದು ಅಧ್ಯಾಯ ಕನ್ನಡ ನೆಲದಲ್ಲಿ ನಡೆದಿದೆ ಎಂಬುದನ್ನು ನೆನೆಯುವುದೇ ಈ ಲೇಖನದ ಉದ್ದೇಶ.

ವಸ್ತುವಿನ ಆಳ ನಮಗೆ ತಿಳಿಯಲು ಎರಡು ಕಣ್ಣುಗಳು ಎರಡು ಬೇರೆ ಬಿಂಬಗಳನ್ನು ಕಾಣುವುದು ಒಂದು ಮುಖ್ಯ ಕಾರಣ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಸ್ಟೀರಿಯೊಸ್ಕೋಪ್ ಎಂಬ ಸಾಧನದಿಂದ ಇದನ್ನು ತೋರಿಸಿಕೊಟ್ಟನು. ಎರಡು ಚಪ್ಪಟೆ ಚಿತ್ರಗಳನ್ನು ಕಣ್ಣಿಗೊಂದರಂತೆ ತೋರಿಸಿದಾಗ ಮನಸ್ಸು ಅವನ್ನು ಬೆಸೆದು ಉಬ್ಬುತಗ್ಗುಗಳುಳ್ಳ ಒಂದೇ ನೋಟವಾಗಿಸಿತು. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಈ ತತ್ತ್ವಕ್ಕೆ ಕಂಪ್ಯೂಟರನ್ನು ಜೋಡಿಸಿದರು. ಅವರ ಉಪಕರಣವನ್ನು ಚಾವಣಿಗೆ ಜೋಡಿಸಿದ್ದರು. ತೊಟ್ಟವನು ತಲೆ ತಿರುಗಿಸಿದಂತೆ ಗೆರೆಗಳಿಂದಾದ ಚಿತ್ರವೂ ತಿರುಗುತ್ತಿತ್ತು.

ವೇಗದ ಸಮಸ್ಯೆ ಎದುರಾದುದು ಇಲ್ಲಿಯೇ. ಸಿನಿಮಾ ನೋಡುವವನು ಕುಳಿತಿರುತ್ತಾನೆ. ಹೆಡ್‌ಸೆಟ್ ತೊಟ್ಟವನ ತಲೆ ಚಲಿಸುತ್ತಿರುತ್ತದೆ. ತಲೆ ತಿರುಗಿದ ಮೇಲೆ ಚಿತ್ರ ತಡವಾಗಿ ತಿರುಗಿದರೆ ಕಣ್ಣಿಗೂ ಕಿವಿಯೊಳಗಿನ ಸಮತೋಲನದ ಅಂಗಕ್ಕೂ ಹೊಂದಿಕೆ ತಪ್ಪಿ ತಲೆಸುತ್ತು ಬರುತ್ತದೆ. ಆದ್ದರಿಂದ 2016ರಲ್ಲಿ ಮಾರುಕಟ್ಟೆಗೆ ಬಂದ ಪ್ರಮುಖ ಹೆಡ್‌ಸೆಟ್‌ಗಳು ಸೆಕೆಂಡಿಗೆ 90 ಚಿತ್ರಗಳನ್ನು ತೋರಿಸಿದವು. ಒಂದೊಂದಕ್ಕೆ ದೊರೆಯುವ ಕಾಲ ಸುಮಾರು 11 ಮಿಲಿಸೆಕೆಂಡು. ಇನ್ನೊಂದು ತೊಡಕೂ ಉಂಟು. ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣುಗಳು ಒಳಕ್ಕೆ ಹೊರಳುತ್ತವೆ, ಕಣ್ಣಿನ ಮಸೂರವೂ ಆ ದೂರಕ್ಕೆ ಹೊಂದಿಕೊಳ್ಳುತ್ತದೆ. ಹೆಡ್‌ಸೆಟ್ಟಿನಲ್ಲಿ ಕಣ್ಣು ಹೊರಳಿದರೂ ಮಸೂರ ಒಂದೇ ದೂರಕ್ಕೆ ನಿಂತಿರಬೇಕು. ಈ ವಿರೋಧದಿಂದ ಕಣ್ಣು ದಣಿಯುತ್ತದೆ. ಬೇರೆ ಬೇರೆ ಆಳದ ಚಿತ್ರಗಳನ್ನು ಒಂದರ ಹಿಂದೊಂದು ಮಿಂಚಿಸುವುದು ಇದಕ್ಕೆ ಒಂದು ಪರಿಹಾರ. ಹತ್ತು ಆಳಗಳನ್ನು ಸೆಕೆಂಡಿಗೆ 60 ಬಾರಿ ತೋರಿಸಲು 600 ಚಿತ್ರಗಳು ಬೇಕು. ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ತೋರಿಸಿದರೆ 1800. ಇಷ್ಟು ಶೀಘ್ರವಾಗಿ ಬದಲಾಗಬಲ್ಲ ಪರದೆ ಯಾವುದು?

ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ದ್ರವಸ್ಫಟಿಕವೂ ಒಂದು. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್ ಒಂದು ವಸ್ತು ಎರಡು ಬಾರಿ ಕರಗಿದಂತೆ ಕಂಡದ್ದನ್ನು ಗುರುತಿಸಿದನು: ಮೊದಲು ಮಬ್ಬಾದ ದ್ರವ, ಬಳಿಕ ತಿಳಿಯಾದ ದ್ರವ. ಆ ಮಬ್ಬು ಸ್ಥಿತಿಯಲ್ಲಿ ವಸ್ತು ನೀರಿನಂತೆ ಹರಿಯುತ್ತದೆ, ಆದರೆ ಅದರ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ಕ್ರಮವನ್ನು ಪಾಲಿಸುತ್ತವೆ. ವಿದ್ಯುತ್ತಿನಿಂದ ಆ ಕ್ರಮವನ್ನು ಬದಲಿಸಿದರೆ ಬೆಳಕನ್ನು ತಡೆಯಬಹುದು, ಬಿಡಬಹುದು.

ಭಾರತದಲ್ಲಿ ಈ ವಿದ್ಯೆಗೆ ಭದ್ರವಾದ ನೆಲೆ ದೊರೆತದ್ದು ಮೈಸೂರಿನಲ್ಲಿ. ಸಿ.ವಿ. ರಾಮನ್ನರ ಸೋದರ ಸಂಬಂಧದ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾಗಿ ಬಂದು ದ್ರವಸ್ಫಟಿಕಗಳ ಅಧ್ಯಯನವನ್ನು ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ತೆರಳಿದರು. ಅಲ್ಲಿಯವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳು ಸಾಮಾನ್ಯವಾಗಿ ಕಡ್ಡಿಯಾಕಾರದವು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ‘ಪ್ರಮಾಣ’ ಎಂಬ ಭಾರತೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಅಣುಗಳು ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಂಬಗಳಾಗಿ ನಿಲ್ಲುತ್ತವೆ. ಶೋಧ ನಮ್ಮ ನೆಲದಲ್ಲಿ ನಡೆದು ನಮ್ಮ ದೇಶದ ಪತ್ರಿಕೆಯಲ್ಲಿಯೇ ಬೆಳಕು ಕಂಡಿತೆಂಬುದು ಗಮನಾರ್ಹ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಇಂಥ ಬಿಲ್ಲೆ ಅಣುಗಳ ತೆಳುಪೊರೆಯನ್ನು ಪರದೆಗಳಿಗೆ ಅಳವಡಿಸಿತು. ಓರೆಯಾಗಿ ನೋಡಿದಾಗ ಮಸುಕಾಗುತ್ತಿದ್ದ ಚಿತ್ರ ಇದರಿಂದ ಸ್ಪಷ್ಟವಾಯಿತು. 1991ರಲ್ಲಿ ಚಂದ್ರಶೇಖರ್ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು.

ವೇಗದ ಪ್ರಶ್ನೆಗೆ ಉತ್ತರ ಹುಡುಕಿದವರು ಬೇರೆಯವರು. ಸಾಮಾನ್ಯ ದ್ರವಸ್ಫಟಿಕಕ್ಕೆ ಸ್ಥಿತಿ ಬದಲಿಸಲು ಹಲವು ಮಿಲಿಸೆಕೆಂಡು ಬೇಕು. 1980ರಲ್ಲಿ ನೋಯೆಲ್ ಕ್ಲಾರ್ಕ್ ಮತ್ತು ಸ್ವೆನ್ ಲಾಗರ್‌ವಾಲ್ ಫೆರೋಎಲೆಕ್ಟ್ರಿಕ್ ಎಂಬ ಬಗೆಯ ದ್ರವಸ್ಫಟಿಕವನ್ನು ತೆಳುವಾದ ಗಾಜಿನ ನಡುವೆ ನಿಲ್ಲಿಸಿ, ಮೈಕ್ರೊಸೆಕೆಂಡುಗಳಲ್ಲಿ ಅದು ಬದಲಾಗುವಂತೆ ಮಾಡಿದರು. ಕಣ್ಣಿಗೆ ದಣಿವಾಗದ ಮೂರು ಆಯಾಮದ ನೋಟಕ್ಕೆ ಬೇಕಾದ ವೇಗ ಇಂಥ ವಸ್ತುಗಳಲ್ಲಿದೆ. ಒಬ್ಬರ ಶೋಧ ಇನ್ನೊಬ್ಬರ ಶೋಧಕ್ಕೆ ಹೀಗೆ ಕೈಗೂಡಿಸುತ್ತ ಬಂದಿದೆ.

1953ರ ಅಕ್ಟೋಬರ್ 1ರವರೆಗೆ ನಾವು ಬಳ್ಳಾರಿ ಜಿಲ್ಲೆಯವರು. ಅಂದು ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಸೇರಿತು. ಅನಂತರ ನಾವು ಭಾಷೆಯನ್ನು ಉಳಿಸಿಕೊಳ್ಳಲು ಪಟ್ಟ ಪಾಡಿನಲ್ಲಿ ಕಥೆ, ಕವಿತೆ, ವಚನ, ಬಯಲಾಟಗಳಿಗೆ ಸಹಜವಾಗಿಯೇ ಮೊದಲ ಸ್ಥಾನ ದೊರೆಯಿತು. ಆದರೆ ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಗು, ಹೆಡ್‌ಸೆಟ್ಟಿನ ಒಳಗಿರುವುದು ತನ್ನ ಭಾಷೆಗೆ ಎಟುಕದ ವಿದ್ಯೆ ಎಂದು ತಿಳಿದರೆ ಆ ಭಾಷೆಯ ಮೇಲಿನ ಅದರ ನಂಬಿಕೆ ಸೊರಗುತ್ತದೆ. ಮೈಸೂರಿನಲ್ಲಿ ಬೇರೂರಿ ಬೆಂಗಳೂರಿನಲ್ಲಿ ಫಲಿಸಿದ ಈ ವಿದ್ಯೆಯನ್ನು ಬಿಂಬ, ಮಸೂರ, ದ್ರವಸ್ಫಟಿಕ ಎಂಬ ನಮ್ಮ ಮಾತುಗಳಲ್ಲೇ ವಿವರಿಸಬಹುದು. ಗಡಿನಾಡಿನ ಸಂಘಗಳು ತಮ್ಮ ಸಮ್ಮೇಳನಗಳಲ್ಲಿ ವಿಜ್ಞಾನದ ಚರಿತ್ರೆಗೆ ಒಂದು ಗೋಷ್ಠಿಯನ್ನಾದರೂ ಮೀಸಲಿಡಲಿ ಎಂಬುದು ನಮ್ಮ ಆಶಯ.