ಶಂಕರನಾಗರೂ ದೂರದರ್ಶನದ ಆದಿಕಾಲವೂ

ಇಂದಿನ ಧಾರಾವಾಹಿಯು ನೂರಾರು ಕಂತುಗಳನ್ನು ದಾಟಿಯೂ ಮುಗಿಯಲೊಲ್ಲದ ಉದ್ಯಮವಾಗಿದೆ. ಆದರೆ ದೂರದರ್ಶನವು 1982ರಲ್ಲಿ ವರ್ಣಪ್ರಸಾರವನ್ನು ಕೈಗೊಂಡು, 1984ರಲ್ಲಿ ‘ಹಮ್ ಲೋಗ್’ ಮೂಲಕ ದೇಶಕ್ಕೆಲ್ಲ ಕಂತುಕಂತಾಗಿ ಕಥೆ ಹೇಳಲು ತೊಡಗಿದ ಕಾಲದಲ್ಲಿ, ಈ ವೃತ್ತಿಗೆ ತನ್ನವೇ ಆದ ಸಂಪ್ರದಾಯಗಳಾಗಲಿ, ತನ್ನವರೇ ಆದ ಕಲಾವಿದರಾಗಲಿ ಇರಲಿಲ್ಲ. ರಂಗಭೂಮಿಯಿಂದಲೂ ಚಲನಚಿತ್ರದಿಂದಲೂ ಬಂದವರೇ ಅದಕ್ಕೆ ರೂಪವನ್ನು ಕೊಡಬೇಕಾಯಿತು. ಹಾಗೆ ಬಂದು, ಮೂವತ್ತೈದನೆಯ ವಯಸ್ಸಿನಲ್ಲಿಯೇ ಗತಿಸಿದ ಶಂಕರನಾಗರ ಕೊಡುಗೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡುವುದು ಉಚಿತ.

1954ರ ನವೆಂಬರ್ 9ರಂದು ಜನಿಸಿ, ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದ ಈ ತರುಣನು, ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ಗಂಡುಗಲಿಯಾಗಿ ಕನ್ನಡಿಗರ ಕಣ್ಣಿಗೆ ಬಿದ್ದು, ಆ ಪಾತ್ರಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಮನ್ನಣೆಯನ್ನು ಪಡೆದನು. 1980ರ ‘ಆಟೋ ರಾಜ’ ಚಿತ್ರವು ಅವರನ್ನು ರಿಕ್ಷಾ ಚಾಲಕರ ಆರಾಧ್ಯನನ್ನಾಗಿಸಿತು. ಕರ್ನಾಟಕದ ಎಷ್ಟೋ ಆಟೋ ನಿಲ್ದಾಣಗಳು ಇಂದಿಗೂ ಅವರ ಹೆಸರನ್ನೇ ಹೊತ್ತಿವೆ. ಅದೇ ವರ್ಷ ‘ಮಿಂಚಿನ ಓಟ’ವನ್ನು ನಿರ್ದೇಶಿಸಿದ ಅವರು, ಇತ್ತ ‘ಸಂಕೇತ್’ ತಂಡದ ಮೂಲಕ ನಾಟಕವನ್ನೂ ಕೈಬಿಡಲಿಲ್ಲ.

ಆದರೆ ಅವರ ಹೆಸರನ್ನು ಭಾರತದ ಮನೆಮನೆಗೆ ಮುಟ್ಟಿಸಿದುದು, ಬಹುಮಟ್ಟಿಗೆ ತಾವು ತೆರೆಯ ಮರೆಯಲ್ಲಿ ನಿಂತು ಮಾಡಿದ ಕಾರ್ಯ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ, ಟಿ. ಎಸ್. ನರಸಿಂಹನ್ ನಿರ್ಮಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಅವರು ನಿರ್ದೇಶಕರಾದಾಗ, ಯಾವ ಭೂಪಟದಲ್ಲಿಯೂ ಇಲ್ಲದ ಊರೊಂದಕ್ಕೆ ಮಣ್ಣನ್ನೂ ಮಾಡನ್ನೂ ಒದಗಿಸುವ ಹೊಣೆ ಅವರ ಮೇಲೆ ಬಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಬೀದಿಯೂ ಅಲ್ಲಿಯ ದೊಡ್ಡಮನೆಯೂ ಮಾಲ್ಗುಡಿಯಾದುವು. ಅರಸಾಳು ಅದರ ರೈಲು ನಿಲ್ದಾಣವಾಯಿತು. ಆರ್. ಕೆ. ಲಕ್ಷ್ಮಣರ ರೇಖೆಗಳೂ ಎಲ್. ವೈದ್ಯನಾಥನ್ ಅವರ ಸಂಗೀತವೂ ಆ ಊರಿಗೆ ಹೆಬ್ಬಾಗಿಲಿನಂತಿದ್ದುವು. ಕಥಾನಾಯಕನಾದ ಬಾಲಕ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಇತರ ಕಥೆಗಳಲ್ಲಿ ಅಣ್ಣ ಅನಂತನಾಗರು ಕಾಣಿಸಿಕೊಂಡರು. ಹೀಗೆ ಕನ್ನಡ ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ನುರಿತವರೇ ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಮಾತನಾಡಿದರು. ಒಂದು ಕಥೆ ಒಂದೇ ಕಂತಿನಲ್ಲಿಯೋ, ದೊಡ್ಡದಾದರೆ ಕೆಲವು ಕಂತುಗಳಲ್ಲಿಯೋ ಸಮಾಪ್ತವಾಗುತ್ತಿದ್ದುದರಿಂದ, ಪ್ರತಿಯೊಂದಕ್ಕೂ ಏಕಾಂಕ ನಾಟಕದ ಬಿಗುವು ಪ್ರಾಪ್ತವಾಗಿದ್ದಿತು. ಮಾತು ಮಿತವಾದಲ್ಲಿ ಮೌನವೂ ಊರಿನ ಸದ್ದೂ ಅರ್ಥವನ್ನು ಹೊರುತ್ತಿದ್ದುವು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಸಮೀಪ ಆನಗೋಡಿನಲ್ಲಿ ಸಂಭವಿಸಿದ ಅಪಘಾತವು ಹನ್ನೆರಡು ವರ್ಷಗಳ ಈ ವೃತ್ತಿಜೀವನವನ್ನು ಮೊಟಕುಗೊಳಿಸಿತು. ಬದುಕಿದ್ದರೆ ಇನ್ನೇನನ್ನು ಸಾಧಿಸುತ್ತಿದ್ದರೆಂದು ಹಲುಬುವುದು ನಮ್ಮ ರೂಢಿ. ಆದರೆ ಆ ಹಲುಬಿಕೆಯಲ್ಲಿ ಸಾಧಿಸಿದುದರ ಮೌಲ್ಯ ಮಸುಕಾಗಬಾರದು. 2004ರಲ್ಲಿ ಬೆಂಗಳೂರಿನಲ್ಲಿ ತೆರೆದ ‘ರಂಗಶಂಕರ’ವು, ಅವರ ಪತ್ನಿ ಅರುಂಧತಿ ನಾಗರ ಶ್ರಮದಿಂದ, ಅವರ ರಂಗಪ್ರೀತಿಯನ್ನು ಮುಂದುವರಿಸಿದೆ. ಧಾರಾವಾಹಿಯ ಕ್ಷೇತ್ರದಲ್ಲಿ ಅಂತಹ ಮುಂದುವರಿಕೆ ಕಾಣದು: ಕಂತುಗಳ ಸಂಖ್ಯೆಯೇ ಯಶಸ್ಸಿನ ಮಾನದಂಡವಾದಂದಿನಿಂದ, ಕಥೆಯನ್ನು ಮುಗಿಸಬೇಕಾದಲ್ಲಿ ಮುಗಿಸುವ ಧೈರ್ಯವನ್ನು ಆ ವೃತ್ತಿಯು ಕಳೆದುಕೊಂಡಿತು. ಶಂಕರನಾಗರಿಂದ ಅದು ಕಲಿಯಬಹುದಾಗಿದ್ದ ಮೊದಲ ಪಾಠವೇ ಅದು.