ಕಾಲಾ ಅಜಾರ್: ಔಷಧಿ ಇತ್ತು, ದಾರಿ ಇರಲಿಲ್ಲ

ಹೈಸ್ಕೂಲಿನ ಪರೀಕ್ಷೆಯಲ್ಲಿ ‘ಹೊಂದಿಸಿ ಬರೆಯಿರಿ’ ಅಂತ ಒಂದು ಪ್ರಶ್ನೆ ಬರುತ್ತಿತ್ತಲ್ಲ? ಮಲೇರಿಯಾಕ್ಕೆ ಅನಾಫಿಲಿಸ್ ಸೊಳ್ಳೆ, ಕಾಲಾ ಅಜಾರ್‌ಗೆ ಮರಳುನೊಣ. ಸರಿಯಾಗಿ ಹೊಂದಿಸಿದರೆ ಒಂದು ಮಾರ್ಕು. ಆ ಕಾಯಿಲೆ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಈಚೆಗೆ ದಕ್ಷಿಣ ಸೂಡಾನಿನ ಕಥೆ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ, ಅದಕ್ಕೇ ಈ ಬರಹ.

ಹೆಸರು ನಮ್ಮ ದೇಶದ್ದೇ. ಬಿಡದ ಜ್ವರ, ಊದಿದ ಗುಲ್ಮ, ದಿನೇ ದಿನೇ ಸೊರಗುವ ಮೈ. ಚಿಕಿತ್ಸೆ ಸಿಗದಿದ್ದರೆ ಬದುಕುವವರು ತೀರಾ ಅಪರೂಪ. ಕಲ್ಕತ್ತದ ಉಪೇಂದ್ರನಾಥ ಬ್ರಹ್ಮಚಾರಿಯವರು ಆಂಟಿಮನಿಯಿಂದ ಮಾಡಿದ ಯೂರಿಯಾ ಸ್ಟಿಬಮೈನ್ ಎಂಬ ಔಷಧಿಯ ವಿವರ ಪ್ರಕಟಿಸಿದ್ದು 1922ರಲ್ಲಿ. ಅಂದರೆ ನಾನು ಹೇಳಹೊರಟಿರುವ ಕಥೆಗೆ ಅರವತ್ತು ವರ್ಷ ಮೊದಲೇ ಇದಕ್ಕೆ ಮದ್ದಿತ್ತು!

1983ರಲ್ಲಿ ಸೂಡಾನಿನಲ್ಲಿ ಎರಡನೆಯ ಅಂತರ್ಯುದ್ಧ ಶುರುವಾಯಿತು. ನೈಲ್ ನದಿಯ ಪಶ್ಚಿಮಕ್ಕಿರುವ ವೆಸ್ಟರ್ನ್ ಅಪ್ಪರ್ ನೈಲ್ ಪ್ರದೇಶದಲ್ಲಿ ಇದ್ದವರು ಹೆಚ್ಚಾಗಿ ದನ ಸಾಕುವ ನ್ಯುಯೆರ್ ಜನ. ಅವರಿಗೆ ಈ ರೋಗ ಹೊಸದು, ಹಾಗಾಗಿ ಮೈಯಲ್ಲಿ ತಡೆಯುವ ಶಕ್ತಿಯೂ ಇರಲಿಲ್ಲ. ಪೂರ್ವದ ಗಡಿಯ ಕಡೆ ಹೋಗಿಬಂದ ಸೈನಿಕರ ಮೂಲಕ ಬಂದಿರಬೇಕು ಅನ್ನುವುದು ಸಂಶೋಧಕರ ಊಹೆ. ಅಲ್ಲಿನ ಮರಳುನೊಣ ಇರುವುದು ಜಾಲಿ ಕಾಡಿನಲ್ಲಿ, ನಮ್ಮ ಎರೆಹೊಲದಂಥದೇ ಕಪ್ಪು ಮಣ್ಣಿನ ಬಿರುಕುಗಳಲ್ಲಿ. ದಾಳಿಗೆ ಹೆದರಿ ಊರು ಬಿಟ್ಟವರು ಅಡಗಿದ್ದೂ, ರಾತ್ರಿ ನಡೆದದ್ದೂ ಅಂಥ ಕಾಡುಗಳಲ್ಲೇ. ಹಸಿವು ಬೇರೆ.

1984ರಲ್ಲಿ ಶುರುವಾದ ಈ ಪಿಡುಗು ಹೊರಗಿನವರಿಗೆ ಗೊತ್ತಾದದ್ದು 1988ರಲ್ಲಿ. ಅದೂ ಹೇಗೆ? ಅಲ್ಲಿಂದ ಓಡಿಬಂದ ನಿರಾಶ್ರಿತರು ನೂರಾರು ಮೈಲಿ ದೂರದ ಖಾರ್ಟೂಮಿನಲ್ಲಿ ಕಾಯಿಲೆ ಬಿದ್ದಾಗ! ಮರುವರ್ಷ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಹಾಲೆಂಡ್ ಶಾಖೆ ಲೇರ್ ಎಂಬಲ್ಲಿ ಚಿಕಿತ್ಸೆ ಶುರುಮಾಡಿತು. ಆಮೇಲೆ ದುವಾರ್‌ನಲ್ಲಿ ಅಮೆರಿಕದ ವೈದ್ಯೆ ಜಿಲ್ ಸೀಮನ್ ಮತ್ತವರ ಜೊತೆಗಾರರು ಮರದ ನೆರಳಲ್ಲೇ ಸಾವಿರಾರು ಜನರಿಗೆ ಮದ್ದು ಕೊಟ್ಟರು. ಅದೂ ಆಂಟಿಮನಿಯದೇ ಇಂಜೆಕ್ಷನ್, ದಿನಕ್ಕೊಂದರಂತೆ ಸುಮಾರು ಒಂದು ತಿಂಗಳು. ಗುಂಡು ಹಾರುವ ಜಾಗದಲ್ಲಿ ಒಂದು ತಿಂಗಳು ಒಂದೇ ಕಡೆ ಕೂರುವುದು ಅಂದರೆ ಯೋಚಿಸಿ ನೋಡಿ.

ಸತ್ತವರೆಷ್ಟು? ಆಗ ಲೆಕ್ಕ ಇಟ್ಟವರಿಲ್ಲ. ಸೀಮನ್ ಮತ್ತು ಸಂಗಡಿಗರು ಬದುಕುಳಿದವರ ಮನೆಮನೆಯ ವಿವರ ಕೇಳಿ ಅಂದಾಜು ಮಾಡಿದರು. 1996ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ 1984ರಿಂದ 1994ರವರೆಗೆ ಸುಮಾರು 2,80,000 ಜನರಲ್ಲಿ 1,00,000 ಜನ ಈ ಕಾಯಿಲೆಯಿಂದ ಸತ್ತಿದ್ದರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಆ ಸಂಖ್ಯೆಯನ್ನು ನಾನು ಎರಡೆರಡು ಸಲ ಓದಿದೆ.

ನೊಣ ಕಚ್ಚಿದ್ದು ನಿಜ. ಆದರೆ ಮದ್ದಿದ್ದೂ ಇಷ್ಟು ಜನ ಸತ್ತದ್ದು ದಾರಿ ಮುಚ್ಚಿದ ಯುದ್ಧದಿಂದ. ನಮ್ಮ ಪಠ್ಯದಲ್ಲಿ ಅದಕ್ಕೆ ಹೊಂದಿಸುವ ಪದವೇ ಇರಲಿಲ್ಲ.

2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಮತ್ತೆ ಯುದ್ಧ ಹತ್ತಿಕೊಂಡಿತು. ಓಡಿದ ಎಷ್ಟೋ ಜನ ಸೇರಿದ್ದು ಪೂರ್ವದ ಗೆಡಾರೆಫ್ ಪ್ರಾಂತ್ಯವನ್ನು. ಅದು ಮೊದಲಿನಿಂದಲೂ ಕಾಲಾ ಅಜಾರ್ ಇರುವ ಸೀಮೆ. ಈ ಸಲವಾದರೂ ಸತ್ತ ಮೇಲೆ ಎಣಿಸುವಂತಾಗದಿರಲಿ.